ಆ ಜಾಗದಲ್ಲಿ ಏನನ್ನಿಡಬೇಕು? ಸದಲಗಾದಿಂದ ಆಡ್ರೆ ಲಾರ್ಡ್ ಓದು

ಆಡ್ರೆ ಲಾರ್ಡ್ ಅವರ ‘ದಿ ಕ್ಯಾನ್ಸರ್ ಜರ್ನಲ್ಸ್’ 1980ರಲ್ಲಿ ಪ್ರಕಟವಾದ ಒಂದು ಸಣ್ಣ ಪುಸ್ತಕ. ಲಾರ್ಡ್ ಅಮೆರಿಕದ ಕಪ್ಪು ಕವಯಿತ್ರಿ, ಸ್ತ್ರೀವಾದಿ. 1978ರಲ್ಲಿ ಕ್ಯಾನ್ಸರ್ ಕಾರಣದಿಂದ ಅವರ ಒಂದು ಸ್ತನವನ್ನು ತೆಗೆಯಲಾಯಿತು. ಪುಸ್ತಕದಲ್ಲಿ ಓದುಗರು ಮರೆಯಲಾಗದ ಎರಡು ಪ್ರಸಂಗಗಳಿವೆ. ಒಂದು ಆಸ್ಪತ್ರೆಯ ಹಾಸಿಗೆಯ ಬಳಿಯದು. ಶಸ್ತ್ರಚಿಕಿತ್ಸೆಯಾದ ಹೆಂಗಸರಿಗೆ ಧೈರ್ಯ ಹೇಳುವ ಸಂಘಟನೆಯೊಂದರ ಕಾರ್ಯಕರ್ತೆ ಬಂದು, ಕುರಿಯ ಉಣ್ಣೆ ತುಂಬಿದ ತಿಳಿಗುಲಾಬಿ ಬಣ್ಣದ ಪುಟ್ಟ ಗಂಟೊಂದನ್ನು ಕೊಡುತ್ತಾಳೆ. ಇದನ್ನು ಒಳಉಡುಪಿನಲ್ಲಿ ಇಟ್ಟುಕೊಂಡರೆ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಆಕೆಯ ಸಾಂತ್ವನ. ಆಕೆ ಹೋದ ಮೇಲೆ ಲಾರ್ಡ್ ಕನ್ನಡಿಯ ಮುಂದೆ ನಿಂತು ಇಟ್ಟುಕೊಂಡು ನೋಡುತ್ತಾರೆ. ಕಪ್ಪು ಮೈಯ ಮೇಲೆ ಗುಲಾಬಿ ಗಂಟು ಯಾರದೋ ವಸ್ತು ತಪ್ಪಿ ಬಂದು ಕೂತಂತೆ ಕಾಣುತ್ತದೆ. ಎರಡನೆಯದು ಹತ್ತು ದಿನಗಳ ನಂತರದ್ದು. ಹೊಲಿಗೆ ಬಿಚ್ಚಿಸಲು ಲಾರ್ಡ್ ಚೆನ್ನಾಗಿ ಸಿಂಗರಿಸಿಕೊಂಡು, ಗಂಟು ಇಟ್ಟುಕೊಳ್ಳದೆ ವೈದ್ಯರಲ್ಲಿಗೆ ಹೋಗುತ್ತಾರೆ. ಅಲ್ಲಿಯ ನರ್ಸ್ ಅದನ್ನು ಗಮನಿಸಿ, ಹೀಗೆ ಬಂದರೆ ಇಲ್ಲಿಗೆ ಬರುವ ಬೇರೆಯವರ ಮನೋಬಲ ಕುಗ್ಗುತ್ತದೆ ಎಂದು ಗದರಿಸುವ ದನಿಯಲ್ಲಿ ಹೇಳುತ್ತಾಳೆ.

ಇಡೀ ಪುಸ್ತಕದ ಸಿಟ್ಟು ಈ ಮಾತಿನ ಸುತ್ತ ಬೆಳೆದಿದೆ. ಆಗಿನ ಇಸ್ರೇಲಿನ ಮಂತ್ರಿ ಮೋಶೆ ದಯಾನನ ಉದಾಹರಣೆಯನ್ನು ಲಾರ್ಡ್ ತರುತ್ತಾರೆ. ಅವನು ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಲೋಕವೆಲ್ಲ ತಿರುಗುತ್ತಾನೆ. ಗಾಜಿನ ಕಣ್ಣು ಹಾಕಿಕೊಂಡು ಬಾ ಎಂದು ಅವನಿಗೆ ಯಾರೂ ಹೇಳುವುದಿಲ್ಲ, ಅವನ ಗಾಯವನ್ನು ಶೌರ್ಯದ ಗುರುತು ಎಂದು ಕಾಣುತ್ತಾರೆ. (ಆ ಮನುಷ್ಯ ಪ್ಯಾಲೆಸ್ತೀನಿಯರ ಪಾಲಿಗೆ ಏನಾಗಿದ್ದ ಎಂಬುದನ್ನು ಇಲ್ಲಿ ವಿವರಿಸಬೇಕಿಲ್ಲ. ಲಾರ್ಡ್ ಅವನನ್ನು ಹೊಗಳಲು ಕರೆತಂದದ್ದೂ ಅಲ್ಲ.) ಹೆಂಗಸಿನ ಗಾಯ ಮಾತ್ರ ಯಾಕೆ ಮರೆಯಾಗಬೇಕು? ಕೃತಕ ಹಲ್ಲಿನಿಂದ ಅಗಿಯಬಹುದು, ಕೃತಕ ಕಾಲಿನಿಂದ ನಡೆಯಬಹುದು, ಕೃತಕ ಸ್ತನದಿಂದ ಮಾತ್ರ ಯಾವ ಕೆಲಸವೂ ಆಗುವುದಿಲ್ಲ, ಅದು ನೋಡುವವರ ಸಮಾಧಾನಕ್ಕಾಗಿ ಇರುವ ವಸ್ತು ಎಂಬುದು ಅವರ ವಾದ. ಎಲ್ಲರೂ ಮರೆಮಾಚಿಕೊಂಡರೆ ಇದೇ ಗಾಯವುಳ್ಳ ಹೆಂಗಸರು ಒಬ್ಬರನ್ನೊಬ್ಬರು ಗುರುತಿಸುವುದು ಹೇಗೆ, ಒಟ್ಟಾಗಿ ಪ್ರಶ್ನೆ ಕೇಳುವುದು ಹೇಗೆ ಎಂಬುದು ಅದರ ಮುಂದುವರಿಕೆ.

ಈ ವಾದವನ್ನು ನಾನು ಮೊದಲು ಓದಿದಾಗ ಪೂರ್ತಿ ಒಪ್ಪಿದ್ದೆ. ಒಪ್ಪಿದ ಉತ್ಸಾಹದಲ್ಲಿ ಅದನ್ನು ಸದಲಗಾದ ನನ್ನ ಖಾಲಾಳಿಗೆ ಹೇಳಲು ಹೋದೆ. ಆಗಿನಿಂದ ಈ ಪುಸ್ತಕ ನನಗೆ ಬೇರೆ ರೀತಿ ಕಾಣತೊಡಗಿದೆ. ಆ ಬದಲಾದ ಓದನ್ನು ಇಲ್ಲಿ ಮಂಡಿಸುತ್ತಿದ್ದೇನೆ.

ಸದಲಗಾ ಚಿಕ್ಕೋಡಿ ತಾಲೂಕಿನ, ದೂಧಗಂಗಾ ದಂಡೆಯ ಊರು. ಸುತ್ತ ಕಬ್ಬು. ಆಚೆ ದಡ ದಾಟಿ ಸ್ವಲ್ಪ ಹೋದರೆ ಮಹಾರಾಷ್ಟ್ರ. ನಮ್ಮ ಕಡೆಯವರ ರೇಶನ್ ಕಾರ್ಡು ಕರ್ನಾಟಕದ್ದು, ಆಸ್ಪತ್ರೆ ಮಾತ್ರ ಬಹಳ ಸಲ ಮಿರಜಿನದು. ಸಂಗೀತ ಬಲ್ಲವರಿಗೆ ಮಿರಜ್ ಎಂದರೆ ಅಬ್ದುಲ್ ಕರೀಂ ಖಾನ್ ಸಾಹೇಬರು, ತಂಬೂರಿ, ಸಿತಾರ್. ನಮ್ಮೂರ ಹೆಂಗಸರಿಗೆ ಮಿರಜ್ ಎಂದರೆ ದೊಡ್ಡ ದವಾಖಾನೆ. ವಾನ್‌ಲೆಸ್ ಎಂಬ ಮಿಷನರಿ ವೈದ್ಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದಲೂ ಗಡಿಯ ಎರಡೂ ಕಡೆಯ ರೋಗಿಗಳು ಆ ದಾರಿ ಹಿಡಿದಿದ್ದಾರೆ. ಈಚೆಗೆ ಬೆಳಗಾವಿ, ಕೊಲ್ಹಾಪುರಗಳಲ್ಲೂ ಕ್ಯಾನ್ಸರ್ ಚಿಕಿತ್ಸೆ ದೊರೆಯುತ್ತದೆ. ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನ ಬೆಂಗಳೂರಿನ ಸರ್ಕಾರಿ ಸಂಸ್ಥೆ ನಮ್ಮವರ ಪಾಲಿಗೆ ದೂರದ ಮಾತು.

ಖಾಲಾ ಬಳೆ ಮಾರುವವಳು. 2014ರಲ್ಲಿ ಅವಳಿಗೆ ಎಡಗಡೆ ಗಂಟು ಕಾಣಿಸಿತು. ಕಾಣಿಸಿದ್ದು ಅದಕ್ಕೂ ಮೊದಲೇ, ಹೇಳಿದ್ದು ಆಗ. ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ಪ್ರಕರಣಗಳು ಪತ್ತೆಯಾದವು. ಬೇಗ ಗೊತ್ತಾದರೆ ಗಂಟನ್ನಷ್ಟೇ ತೆಗೆದು ಸ್ತನ ಉಳಿಸಬಹುದು. ತಡವಾದವರಲ್ಲಿ ಪೂರ್ತಿ ತೆಗೆಯಬೇಕಾಗುವುದು ಹೆಚ್ಚು. ಖಾಲಾಳದು ತಡವಾಗಿತ್ತು. ಊರಿನ ಭಾಷೆಯಲ್ಲಿ ಇದಕ್ಕೆ ‘ಎದಿ ತಗಸ್ಯಾಳ’ ಎನ್ನುತ್ತಾರೆ. ವೈದ್ಯರ ಕಾಗದದಲ್ಲಿ ಸ್ತನ, ಕೂಸಿಗೆ ಹಾಲು ಕೊಡುವಾಗ ಮೊಲೆ, ರೋಗ ಬಂದಾಗ ಎದೆ. ಕನ್ನಡದಲ್ಲಿ ಎದೆ ಎಂದರೆ ಧೈರ್ಯವೂ ಹೌದು, ಮನಸ್ಸೂ ಹೌದು. ಎದೆ ತೆಗೆಸಿಕೊಂಡವಳು ಎನ್ನುವಾಗ ನಾಚಿಕೆಯಿಂದ ಒಂದು ಶಬ್ದ ತಪ್ಪಿಸಲು ಹೋಗಿ ಎಷ್ಟೆಲ್ಲವನ್ನು ತೆಗೆದುಹಾಕುತ್ತೇವೆ ಎಂಬುದು ಹೇಳುವವರ ಲಕ್ಷ್ಯಕ್ಕೆ ಬರುವುದಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯಲ್ಲಿ ಕೈ ವ್ಯಾಯಾಮ ಹೇಳಿಕೊಟ್ಟರು. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುವುದು. ಆ ಕೈಗೆ ಸೂಜಿ ಚುಚ್ಚಿಸಬೇಡಿ, ಭಾರ ಎತ್ತಬೇಡಿ ಎಂದರು. ಖಾಲಿಯಾದ ಜಾಗದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಲಾರ್ಡ್ ಅವರಿಗೆ ‘ಇಟ್ಟುಕೋ’ ಎಂಬ ಒತ್ತಾಯವಿತ್ತು. ಖಾಲಾಳಿಗೆ ಇದ್ದದ್ದು ಮೌನ. ನಮ್ಮ ಓದಿಗೆ ಈ ವ್ಯತ್ಯಾಸ ಮುಖ್ಯ. ಒತ್ತಾಯದ ಎದುರು ನಿರಾಕರಣೆ ಒಂದು ಆಯ್ಕೆಯಾಗುತ್ತದೆ. ಏನೂ ಹೇಳದೆ ಕಳಿಸಿದವಳ ಎದುರು ನಿರಾಕರಿಸಲಿಕ್ಕೂ ಒಂದು ವಸ್ತುವಿರುವುದಿಲ್ಲ.

ಖಾಲಾ ತಾನೇ ಮಾಡಿಕೊಂಡಳು. ಬದಿಯ ಓಣಿಯಲ್ಲಿ ನದಾಫರ ಮನೆಗಳಿವೆ. ಹತ್ತಿ ಹಿಂಜಿ ಗಾದಿ ಹೊಲಿಯುವವರು. ಅಲ್ಲಿಂದ ಹಿಡಿಯಷ್ಟು ಹಿಂಜಿದ ಹತ್ತಿ ತಂದು, ಹಳೆಯ ಮಲ್ ಬಟ್ಟೆಯಲ್ಲಿ ತುಂಬಿ, ಬಟ್ಟಲಿನ ಆಕಾರಕ್ಕೆ ಹೊಲಿದಳು. ಹತ್ತಿ ಹಗುರಾಯಿತು. ಕೈ ಎತ್ತಿದರೆ ಕುಬಸ ಆ ಬದಿಯಲ್ಲಿ ಮೇಲಕ್ಕೆ ಸರಿಯುತ್ತಿತ್ತು, ಗಂಟು ಕುತ್ತಿಗೆಯತ್ತ ಏರುತ್ತಿತ್ತು. ಆಮೇಲೆ ಒಳಗೊಂದು ಸಣ್ಣ ಚೀಲದಲ್ಲಿ ಸಾಸಿವೆ ತುಂಬಿ ಹತ್ತಿಯ ನಡುವೆ ಇಟ್ಟಳು. ಅಂಗೈಯಲ್ಲಿ ತೂಗಿ ತೂಗಿ ನೋಡಿ, ಹಿಡಿ ಹಾಕಿ ಹಿಡಿ ತೆಗೆದು, ಸರಿ ಎನಿಸಿದಾಗ ಬಾಯಿ ಹೊಲಿದಳು. ಅದಕ್ಕೆ ಅವಳಿಟ್ಟ ಹೆಸರು ‘ಗಾದಿ’. ಕುಬಸದ ಒಳಗೆ ಕಿಸೆ ಹೊಲಿಸುವ ಕೆಲಸ ಬಾಕಿಯಿತ್ತು. ಅದಕ್ಕೆ ಊರ ದರ್ಜಿಯ ಬಳಿ ಹೋಗಲಿಲ್ಲ, ಅವನ ಹೆಂಡತಿಯ ಬಳಿ ಹೋದಳು.

ನಾನು ಲಾರ್ಡ್ ಅವರ ವಾದವನ್ನು ಹೇಳಿದ್ದು ಇಷ್ಟೆಲ್ಲ ಆದ ಮೇಲೆ. ನಮ್ಮ ಮನೆಮಾತು ದಖನಿ. ಖಾಲಾಳ ಮಾತನ್ನು ನಮ್ಮೂರ ಕನ್ನಡದಲ್ಲಿ ಕೊಡುತ್ತೇನೆ. ನಾನು ಕೇಳಿದ್ದು ಸ್ವಲ್ಪ ಒರಟಾಗಿಯೇ ಇತ್ತು: ಹೊರಗೆ ಹೋಗುವಾಗ ಬುರ್ಖಾ ಇರುತ್ತದೆ, ಒಳಗೆ ಇದನ್ನು ಇಟ್ಟುಕೊಂಡರೇನು ಬಿಟ್ಟರೇನು, ಯಾರು ನೋಡುತ್ತಾರೆ?

“ಒಳಗ ನಾ ಇದೀನಲ್ಲವಾ,” ಅಂದಳು ಖಾಲಾ.

ಲಾರ್ಡ್ ಅವರ ಇಡೀ ವಾದ ನಿಂತಿರುವುದು ನೋಡುವವರ ಮೇಲೆ. ಕೃತಕ ಸ್ತನ ನೋಡುವವರಿಗಾಗಿ ಇದೆ, ಆದ್ದರಿಂದ ಅದನ್ನು ತಿರಸ್ಕರಿಸುವುದು ನೋಡುವವರ ಯಜಮಾನಿಕೆಯನ್ನು ತಿರಸ್ಕರಿಸಿದಂತೆ. ಅಮೆರಿಕದ ಬೀದಿಯಲ್ಲಿ, ಹೆಂಗಸಿನ ಎದೆಯನ್ನು ಜಾಹೀರಾತಿನ ಫಲಕವಾಗಿಸಿದ ಸಮಾಜದಲ್ಲಿ ಇದು ಸತ್ಯ. ಆದರೆ ಬುರ್ಖಾದೊಳಗೆ ನೋಡುವವರೇ ಇಲ್ಲ. ಅಲ್ಲಿಯೂ ಒಬ್ಬ ಹೆಂಗಸು ಹಿಡಿಹಿಡಿಯಾಗಿ ಸಾಸಿವೆ ತೂಗಿ ಗಾದಿ ಹೊಲಿದುಕೊಳ್ಳುತ್ತಾಳೆಂದರೆ ಆ ವಾದಕ್ಕೆ ಸಿಗದ ಏನೋ ಒಂದು ಉಳಿಯಿತು. ಬುರ್ಖಾ ಧರಿಸುವವಳು ಗಂಡಸರ ನೋಟಕ್ಕಾಗಿಯೇ ಎಲ್ಲವನ್ನೂ ಮಾಡುತ್ತಾಳೆ ಎಂದು ತೀರ್ಮಾನಿಸುವ ನಮ್ಮ ಕೆಲವು ಪ್ರಗತಿಪರ ಗೆಳೆಯರಿಗೂ ಈ ಪ್ರಶ್ನೆ ಎದುರಾಗಲೇಬೇಕು.

ಏನು ಉಳಿಯಿತು ಎಂಬುದನ್ನು ತಿಳಿಯಲು ಅವಳ ದಿನಚರಿ ನೋಡಬೇಕು. ಬಳೆ ಇಡಿಸುವುದು ಬಾಗಿ ಮಾಡುವ ಕೆಲಸ. ಎದುರಿಗೆ ಕೂತವಳ ಕೈಯನ್ನು ತನ್ನ ಮೊಣಕಾಲ ಮೇಲೆ ಎಳೆದುಕೊಂಡು, ಅಂಗೈ ಒತ್ತಿ ಮಡಚಿ, ಡಜನ್ ಬಳೆಗಳನ್ನು ಒಂದೊಂದಾಗಿ ಏರಿಸಬೇಕು. ಸಡಿಲವಾದ ಗಂಟಾದರೆ ಬಾಗಿದ ಕೂಡಲೇ ಮುಂದಕ್ಕೆ ಜಾರುತ್ತದೆ. ನಮಾಜಿನಲ್ಲೂ ಹಾಗೆಯೇ. ರುಕೂಗೆ ಬಾಗುವಾಗ, ಸಜ್ದಾಕ್ಕೆ ಹಣೆ ನೆಲಕ್ಕಿಡುವಾಗ ಅದು ತನ್ನ ಜಾಗ ಬಿಟ್ಟರೆ ಮನಸ್ಸು ಅಲ್ಲಿಗೇ ಹೋಗುತ್ತದೆ. ಕಿಸೆಯೂ ತೂಕವೂ ಬೇಕಾದದ್ದು ಇದಕ್ಕೆ. ಇನ್ನೊಂದು, ಭಾರದ ಪ್ರಶ್ನೆ. ಮೈಕಟ್ಟು ದೊಡ್ಡದಿರುವ ಹೆಂಗಸಿಗೆ ಒಂದು ಬದಿಯ ಭಾರ ಏಕಾಏಕಿ ಇಲ್ಲವಾದರೆ ಭುಜ ಒಂದು ಕಡೆಗೆ ಎಳೆದಂತಾಗಿ ಕುತ್ತಿಗೆ, ಬೆನ್ನು ನೋಯಬಹುದು. ಎಲ್ಲರಿಗೂ ಹೀಗಾಗುತ್ತದೆಂದಲ್ಲ, ಸಣ್ಣ ಮೈಯವರಿಗೆ ಏನೂ ಅನಿಸದೆಯೂ ಇರಬಹುದು. ಹಾಗಾಗಿ ಹಲ್ಲಿಗೂ ಕಾಲಿಗೂ ಕೆಲಸವಿದೆ, ಇದಕ್ಕೆ ಇಲ್ಲ ಎಂಬ ಲಾರ್ಡ್ ಅವರ ವಿಂಗಡಣೆ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ದೇಹವನ್ನು ಅವರು ಕನ್ನಡಿಯಲ್ಲಿ ಕಂಡಷ್ಟು ಕೆಲಸದಲ್ಲಿ ಕಾಣಲಿಲ್ಲವೇನೋ ಎಂಬ ಅನುಮಾನ ನನಗೆ. ಗ್ರಂಥಾಲಯದಲ್ಲೂ ಕಾಲೇಜಿನಲ್ಲೂ ದುಡಿದ ಅವರ ಬಗ್ಗೆ ಹೀಗೆ ಹೇಳುವುದು ಪೂರ್ತಿ ನ್ಯಾಯವಲ್ಲವೆಂದು ಗೊತ್ತು. ಆದರೆ ಆ ಅಧ್ಯಾಯದಲ್ಲಿ ಬಾಗುವ, ಎತ್ತುವ, ಹೊರುವ ಮೈ ಇಲ್ಲ ಎಂಬುದು ನಿಜ.

ಇಲ್ಲಿ ಹದೀಸಿನ ಒಂದು ಪ್ರಸಂಗ ನೆನಪಾಗುತ್ತದೆ. ಅಬೂ ದಾವೂದ್, ತಿರ್ಮಿಝಿ ಸಂಗ್ರಹಗಳಲ್ಲಿ ಅರ್ಫಜಾ ಎಂಬ ಸಹಾಬಿಯ ವೃತ್ತಾಂತವಿದೆ. ಕುಲಾಬ್ ಎಂಬಲ್ಲಿ ನಡೆದ ಕಾಳಗದಲ್ಲಿ ಅವರ ಮೂಗು ತುಂಡಾಗಿತ್ತು. ಬೆಳ್ಳಿಯ ಮೂಗು ಮಾಡಿಸಿ ಹಾಕಿಕೊಂಡರು. ಅದು ನಾರತೊಡಗಿತು. ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿಯವರು ಹೇಳಿದರು. ಗಂಡಸರಿಗೆ ಚಿನ್ನದ ಆಭರಣ ಕೂಡದು ಎಂಬ ವಿಧಿ ಇರುವಲ್ಲಿಯೇ ಈ ಅನುಮತಿ ಬಂದಿದೆ. ಧರ್ಮಶಾಸ್ತ್ರಜ್ಞರು ಇದನ್ನು ಚಿನ್ನದ ಬಳಕೆಯ ಚರ್ಚೆಯಲ್ಲಿ ಉಲ್ಲೇಖಿಸುತ್ತಾರೆ. ನನ್ನ ಗಮನ ಸೆಳೆಯುವುದು ಬೇರೆ ಅಂಶ. ಆ ಮೂಗು ಯಾಕೆ ಬೇಕು, ಯಾರಿಗೆ ತೋರಿಸಲು ಬೇಕು ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಬಂದದ್ದು ಧರಿಸಿದವನ ತೊಂದರೆಯ ಪ್ರಶ್ನೆ, ಯಾವ ಲೋಹವಾದರೆ ಅವನಿಗೆ ಹಿತ ಎಂಬ ಪ್ರಶ್ನೆ. ಲಾರ್ಡ್ ಅವರನ್ನು ಭೇಟಿಯಾದ ಕಾರ್ಯಕರ್ತೆಯೂ ನರ್ಸೂ ಕೇಳದೆ ಬಿಟ್ಟದ್ದು ಇದನ್ನೇ. ಖಾಲಾಳಿಗಿದ್ದ ಆತಂಕವೂ ಹೀಗೆ ಪ್ರಾಯೋಗಿಕವಾದದ್ದು. ವುಝೂವಿನಲ್ಲಿ ಎದೆ ತೊಳೆಯುವ ಪ್ರಶ್ನೆ ಇಲ್ಲ, ಹಾಗಾಗಿ ಗಾದಿ ಅಡ್ಡಿಯಲ್ಲ. ಗುಸ್ಲ್ ಮಾಡುವಾಗ ಮೈಗೆಲ್ಲ ನೀರು ತಾಗಬೇಕಾದ್ದರಿಂದ ತೆಗೆದಿಟ್ಟರಾಯಿತು. ಅದನ್ನು ಅವಳು ಯಾರನ್ನೂ ಕೇಳದೆ ತಾನೇ ತಿಳಿದುಕೊಂಡಿದ್ದಳು.

ಲಾರ್ಡ್ ಗೆಲ್ಲುವ ಜಾಗ ಮಾರುಕಟ್ಟೆ. ಬಾರ್ಬಿ ಗೊಂಬೆಯನ್ನು 1959ರಲ್ಲಿ ಲೋಕಕ್ಕೆ ತಂದ ರೂತ್ ಹ್ಯಾಂಡ್ಲರ್‌ಗೆ 1970ರಲ್ಲಿ ಸ್ತನ ತೆಗೆಸಬೇಕಾಯಿತು. ಅಂಗಡಿಯಲ್ಲಿ ಸಿಕ್ಕ ಕೃತಕ ಸ್ತನಗಳು ಅವರಿಗೆ ಹಿಡಿಸಲಿಲ್ಲ. ತಾವೇ ತಯಾರಿಕೆಗಿಳಿದು, ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಆಕಾರದಲ್ಲಿ, ‘ನಿಯರ್ಲಿ ಮಿ’ ಎಂಬ ಹೆಸರಿನಲ್ಲಿ ಮಾರಿದರು. ಬದುಕಿನ ವ್ಯಂಗ್ಯವೆನ್ನಬೇಕು. ಹೆಣ್ಣುಮಕ್ಕಳ ಎದುರು ಅಸಾಧ್ಯವಾದ ಎದೆಯ ಗೊಂಬೆ ಇಟ್ಟವರೇ ಕಳೆದುಕೊಂಡವರ ಅಳತೆ ತೆಗೆಯಲು ಊರೂರು ತಿರುಗಿದರು. ಅದನ್ನು ಬರೀ ಲಾಭದ ಆಸೆ ಎಂದು ತಳ್ಳಿಹಾಕಲಾರೆ. ಎಡ–ಬಲದ ವ್ಯತ್ಯಾಸ ಹೊಳೆದದ್ದು ಸ್ವತಃ ಧರಿಸಿದವರಿಗೆ.

ಆದರೆ ಈ ತಯಾರಿಕೆಯ ಲೋಕ ಒಂದು ಮೈಯನ್ನು ಕಲ್ಪಿಸಿಕೊಂಡು ನಡೆಯುತ್ತದೆ. ಅದು ಬ್ರಾ ಧರಿಸುವ, ತಣ್ಣನೆಯ ಊರಿನಲ್ಲಿ ಇರುವ, ಬಿಳಿ ಚರ್ಮದ ಮೈ. ಖಾಲಾ ಬ್ರಾ ಹಾಕಿದವಳಲ್ಲ. ಅವಳ ಓರಗೆಯ, ಜಾತಿಮತ ಯಾವುದಾದರೂ ಸರಿ, ನಮ್ಮ ಕಡೆಯ ಹೆಂಗಸರು ಖಣದ ಕುಬಸವನ್ನು ಎದೆಯ ಕೆಳಗೆ ಗಂಟು ಹಾಕಿ ತೊಟ್ಟವರು. ಒಂದು ಸಲ ಅವಳ ಮಗ ಕೊಲ್ಹಾಪುರದಿಂದ ಸಿಲಿಕಾನ್‌ನದು ತಂದುಕೊಟ್ಟ. ಬೆಲೆ ಸಾವಿರಗಳಲ್ಲಿ. ಅಂಗಡಿಯವನು ಸೈಜ್ ಕೇಳಿದನಂತೆ, ಹುಡುಗ ನಾಚಿ ಏನೋ ಒಂದು ನಂಬರ್ ಹೇಳಿದನಂತೆ. ಅಲ್ಲಿಗೇ ಅರ್ಧ ಕೆಟ್ಟಿತು. ಇಂಥದ್ದನ್ನು ಧರಿಸುವವಳೇ ಕೂತು, ಉಳಿದ ಬದಿಗೆ ಹೋಲಿಸಿ, ಬಾಗಿ ಎದ್ದು ಕೈ ಎತ್ತಿ ನೋಡಿ ಆರಿಸಬೇಕು. ಗಾಯ ಪೂರ್ತಿ ಮಾಯುವವರೆಗೆ, ವಿಕಿರಣ ಚಿಕಿತ್ಸೆಯಿಂದ ಬೆಂದ ಚರ್ಮ ಮತ್ತೆ ಗಟ್ಟಿಯಾಗುವವರೆಗೆ ಹಗುರವಾದ ಬಟ್ಟೆಯದೇ ಒಳ್ಳೆಯದು. ಸಿಲಿಕಾನ್ ಅದರ ನಂತರ, ವೈದ್ಯರನ್ನು ಕೇಳಿ. ಅದನ್ನು ಹಿಡಿದಿಡುವ ಪಟ್ಟಿ ಅಗಲವಿರಬೇಕು. ಕಿರಿದಾದ ಪಟ್ಟಿ ಭುಜವನ್ನು ಕತ್ತರಿಸುತ್ತದೆ. ಕಂಕುಳಿನ ಗಂಟುಗಳನ್ನು ತೆಗೆದ ಬದಿಯ ಕೈ ಮೊದಲೇ ಬಾವು ಬರುವ ಭಯದಲ್ಲಿರುತ್ತದೆ.

ಸಿಲಿಕಾನ್‌ಗೆ ನಿಜವಾದ ತೂಕವಿದೆ, ಮೈಯ ಬಿಸಿಗೆ ಬೆಚ್ಚಗಾಗುತ್ತದೆ, ನಡೆದಾಗ ಸಹಜವಾಗಿ ಅಲುಗುತ್ತದೆ. ಖಾಲಾಳೇ ಇದನ್ನೆಲ್ಲ ಒಪ್ಪಿದಳು. ಏಪ್ರಿಲ್ ಬಂತು. ಸದಲಗಾದ ಏಪ್ರಿಲಿನಲ್ಲಿ ಅದರ ಕೆಳಗೆ ಬೆವರು ನಿಂತು ಮೈ ಕೆಂಪಾಯಿತು. ದಿನಾ ರಾತ್ರಿ ಸೋಪಿನ ನೀರಲ್ಲಿ ತೊಳೆದು, ಒರೆಸಿ, ಅದರ ಡಬ್ಬಿಯಲ್ಲೇ ಇಡಬೇಕು. ಎಲ್ಲೆಂದರಲ್ಲಿ ಇಟ್ಟರೆ ಆಕಾರ ಕೆಡುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಪಿನ್ನು. ಸೆರಗಿಗೊಂದು ಪಿನ್ನು, ತಲೆವಸ್ತ್ರಕ್ಕೊಂದು ಪಿನ್ನು, ಜೊತೆಗೆ ಬಳೆಗಾರ್ತಿಯ ಮಡಿಲಲ್ಲಿ ಸದಾ ಗಾಜಿನ ಚೂರು. ಒಂದು ಚುಚ್ಚಿದರೆ ಸಾವಿರಗಳು ಸೋರಿಹೋಗುತ್ತವೆ. ಈ ವಸ್ತುವನ್ನು ರೂಪಿಸಿದ ಯಾರ ಕಲ್ಪನೆಯಲ್ಲೂ ಬಳೆಗಾರ್ತಿ ಇರಲಿಲ್ಲ. ಈಗ ಅದು ಡಬ್ಬಿಯಲ್ಲಿ ಇದೆ. ಮದುವೆಗೆ ಮಾತ್ರ ಹೊರಬರುತ್ತದೆ. ಉಳಿದ ದಿನ ಗಾದಿಯೇ. ಗಾದಿಗೂ ದೋಷಗಳಿವೆ. ಬೆವರಿಗೆ ಸಾಸಿವೆ ಮುಗ್ಗುತ್ತದೆ, ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ತಿಂಗಳಿಗೊಮ್ಮೆ ಬಿಚ್ಚಿ ಬದಲಿಸಬೇಕು. ಅದಕ್ಕೇ ಮೂರು ಹೊಲಿದಿಟ್ಟಿದ್ದಾಳೆ.

2011ರಲ್ಲಿ ಅಮೆರಿಕದ ಬಾರ್ಬರಾ ಡಿಮಾರೆಸ್ಟ್ ಎಂಬುವರು ತಮಗೆ ಸ್ತನ ತೆಗೆಸಿದ ಮೇಲೆ ನೂಲಿನಿಂದ ಹೆಣೆದ ಸ್ತನಗಳನ್ನು ಉಚಿತವಾಗಿ ಹಂಚುವ ಕೆಲಸ ಆರಂಭಿಸಿದರು. ‘ನಿಟೆಡ್ ನಾಕರ್ಸ್’ ಎಂಬ ತುಂಟ ಹೆಸರು. ಭಾರತದಲ್ಲೂ ಹೆಂಗಸರು ಕೂಡಿ ಹತ್ತಿನೂಲಿನಲ್ಲಿ ಕ್ರೋಶಾ ಹೆಣೆದು ಬೇಡಿದವರಿಗೆ ಹಣವಿಲ್ಲದೆ ಕಳಿಸುತ್ತಿದ್ದಾರೆ. ಅಂದರೆ ಗಾದಿಯ ತರ್ಕವನ್ನು ಲೋಕ ತಡವಾಗಿ ಒಪ್ಪಿಕೊಂಡಂತಾಯಿತು. ಕೈಕೆಲಸದ ಇಂಥ ವಸ್ತುವಿಗೆ ಲಾರ್ಡ್ ಅವರ ವಾದದಲ್ಲಿ ಜಾಗವಿಲ್ಲ. ಅವರ ಎದುರಿದ್ದದ್ದು ಕೊಡುವವರು ಕೊಟ್ಟ ವಸ್ತು. ತಾನೇ ಅಳೆದು ತೂಗಿ ಹೊಲಿದುಕೊಂಡದ್ದು ಅದಲ್ಲ.

ಇನ್ನು ನಮ್ಮ ಸಾಹಿತ್ಯಕ್ಕೆ ಬರೋಣ. ಕನ್ನಡದಲ್ಲಿ ಈ ಕಾಯಿಲೆಯ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದವರೆಂದರೆ ತಟ್ಟನೆ ನೆನಪಾಗುವುದು ಬಿ.ವಿ. ಭಾರತಿ. ಅವರ ‘ಸಾಸಿವೆ ತಂದವಳು’ ಕೃತಿಯ ಹೆಸರೇ ಸಾವಿಲ್ಲದ ಮನೆಯ ಸಾಸಿವೆ ಹುಡುಕಿ ಹೊರಟ ಕಿಸಾಗೋತಮಿಯನ್ನು ನೆನಪಿಗೆ ತರುತ್ತದೆ. ಖಾಲಾ ಆ ಪುಸ್ತಕವನ್ನೂ ಓದಿಲ್ಲ, ಆ ಕಥೆಯನ್ನೂ ಕೇಳಿಲ್ಲ. ಅವಳ ಸಾಸಿವೆ ಕಿರಾಣಿ ಅಂಗಡಿಯದು. ಆದರೂ ಇಬ್ಬರ ಕೈಗೂ ಅದೇ ಕಾಳು ಬಂತಲ್ಲ ಎಂದು ನನಗೆ ಸೋಜಿಗ. ಇಂಥ ಆತ್ಮಕಥನಗಳ ದೊಡ್ಡ ಉಪಕಾರವೆಂದರೆ ಅವು ರೋಗವನ್ನು ರೂಪಕದಿಂದ ಬಿಡಿಸುತ್ತವೆ.

ಬಿಡಿಸಬೇಕಾದ ಅಗತ್ಯ ಬಹಳವಿದೆ. ಮಹಾಶ್ವೇತಾ ದೇವಿಯವರ ‘ಸ್ತನದಾಯಿನಿ’ ಕಥೆಯನ್ನು ಗಾಯತ್ರಿ ಸ್ಪಿವಾಕ್ 1987ರಲ್ಲಿ ತಮ್ಮ ಪುಸ್ತಕದಲ್ಲಿ ಇಂಗ್ಲಿಷಿಗೆ ತಂದು ಚರ್ಚಿಸಿದ ಮೇಲೆ ಅದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹಳ ಓದಲ್ಪಟ್ಟಿತು. ಧಣಿಗಳ ಮನೆಯ ಮಕ್ಕಳಿಗೆಲ್ಲ ಹಾಲೂಡಿದ ಜಶೋದಾ ಸ್ತನ ಕ್ಯಾನ್ಸರಿನಿಂದ ಕೊಳೆತು, ಒಬ್ಬಂಟಿಯಾಗಿ ಸಾಯುತ್ತಾಳೆ. ಅದು ಭಾರತಮಾತೆಯ ರೂಪಕವೋ, ದುಡಿಯುವ ವರ್ಗದ ಶೋಷಣೆಯೋ ಎಂದು ವಿಮರ್ಶಕರು ಪುಟಗಟ್ಟಲೆ ಬರೆದಿದ್ದಾರೆ. ಕಥೆ ಶಕ್ತವಾದದ್ದೇ. ಆದರೆ ರೂಪಕವಾಗಿಬಿಟ್ಟ ಎದೆಗೆ ಚಿಕಿತ್ಸೆಯಿಲ್ಲ. ಸತ್ತರೆ ಮಾತ್ರ ಅದು ಅರ್ಥ ಕೊಡುತ್ತದೆ. ತಮಿಳಿನ ‘ಶಿಲಪ್ಪದಿಗಾರಂ’ ಕಾವ್ಯದ ಕಣ್ಣಗಿ ಎಡಸ್ತನವನ್ನು ಕಿತ್ತೆಸೆದು ಮದುರೆಯನ್ನು ಸುಡುತ್ತಾಳೆ. ಲಾರ್ಡ್ ಕೂಡ ದಾಹೋಮಿಯ ಅಮೆಜಾನ್ ಯೋಧೆಯರನ್ನು ನೆನೆಯುತ್ತಾರೆ. ಬಿಲ್ಲು ಎಳೆಯಲು ಒಂದು ಸ್ತನ ಕೊಯ್ದುಕೊಂಡವರೆಂದು ಹೇಳಲಾಗುವ ಹೆಂಗಸರು. ಒಂಟಿ ಎದೆಯವಳಿಗೆ ಕಾವ್ಯ ಕೊಟ್ಟ ಪಾತ್ರ ಒಂದೇ: ಒಂದೋ ಸುಡಬೇಕು, ಇಲ್ಲವೇ ಯುದ್ಧ ಮಾಡಬೇಕು. ಮದುರೆ ಸುಟ್ಟು ಬೂದಿಯಾದ ಮಾರನೆಯ ದಿನ ಕಣ್ಣಗಿ ಏನು ಉಟ್ಟಳು, ಗಾಯಕ್ಕೆ ಏನು ಕಟ್ಟಿದಳು ಎಂದು ಯಾವ ವಿಮರ್ಶಕರೂ ಕೇಳಿದ್ದು ನಾನು ಕಾಣೆ. ಸಂತೆಯ ದಿನ ಬಳೆ ಹೊರೆ ಇಳಿಸಿ ಕೂರಬೇಕಾದವಳಿಗೆ ಬೇಕಾದದ್ದು ಈ ಮಾರನೆಯ ದಿನದ ಉತ್ತರ.

ಕನ್ನಡ ವಿಮರ್ಶೆಗೆ ಇನ್ನೊಂದು ಅಭ್ಯಾಸವಿದೆ. ಬಟ್ಟೆ ಬಿಡುವುದನ್ನೇ ಬಿಡುಗಡೆ ಎಂದು ಓದುವುದು. ಅಕ್ಕಮಹಾದೇವಿಯ ಬಗೆಗಿನ ಎಷ್ಟೋ ಬರಹಗಳು ಈ ಜಾಡಿನಲ್ಲಿ ನಡೆದಿವೆ. ಸದಲಗಾದಲ್ಲಿ ಕೂತು ಇದನ್ನು ಯೋಚಿಸುವಾಗ ಸ್ವಲ್ಪ ತಡೆಯಬೇಕಾಗುತ್ತದೆ. ದೇಶದ ಜೈನರೆಲ್ಲ ಈ ಊರನ್ನು ಬಲ್ಲದ್ದು ಆಚಾರ್ಯ ವಿದ್ಯಾಸಾಗರರ ಹುಟ್ಟೂರೆಂದು. 1946ರಲ್ಲಿ ಇಲ್ಲಿ ಹುಟ್ಟಿದ ಅವರು 1968ರಲ್ಲಿ ಅಜ್ಮೀರದಲ್ಲಿ ಮುನಿದೀಕ್ಷೆ ಪಡೆದು, 2024ರ ಫೆಬ್ರವರಿಯಲ್ಲಿ ಛತ್ತೀಸಗಢದ ಡೊಂಗರಗಢದಲ್ಲಿ ದೇಹ ತ್ಯಜಿಸಿದರು. ಅದೇ ದಿಗಂಬರ ಪರಂಪರೆಯಲ್ಲಿ ಸನ್ಯಾಸಿನಿಯರಾದ ಆರ್ಯಿಕೆಯರು ಬಿಳಿ ಸೀರೆ ಉಡ್ತಾರೆ. ಪರಂಪರೆಯ ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ಮುಚ್ಚುವುದು, ತೆರೆಯುವುದು ಎರಡರ ಅರ್ಥವೂ ಮೈ ಯಾರದು ಎಂಬುದರ ಮೇಲೆ ಬದಲಾಗುತ್ತದೆ ಎಂಬುದು ನಮ್ಮೂರವರಿಗೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ತೆರೆದಿಡು ಎಂಬ ಲಾರ್ಡ್ ಅವರ ಕರೆಯನ್ನು ಎಲ್ಲ ಮೈಗಳಿಗೂ ಒಂದೇ ಅಳತೆಯಲ್ಲಿ ಹೊಲಿಯಲಾಗದು.

ಹಾಗೆಂದು ಲಾರ್ಡ್ ತಪ್ಪು, ಖಾಲಾ ಸರಿ ಎಂದು ನಾನು ತೀರ್ಪು ಕೊಡುತ್ತಿಲ್ಲ. ಖಾಲಾಳ ಕಥೆಯನ್ನು ಲಾರ್ಡ್ ಅವರ ಕಣ್ಣಿನಿಂದ ನೋಡಿದರೆ ಅಲ್ಲಿಯೂ ಬೇಸರದ ಸಂಗತಿಗಳಿವೆ. ಹೊಸದಾಗಿ ಬಳೆ ಕೊಳ್ಳಲು ಬಂದವರಿಗೆ ಅವಳು ಈ ಕಾಯಿಲೆಯ ಸುದ್ದಿ ಎತ್ತುವುದಿಲ್ಲ. ದಿನಕ್ಕೆ ಇಪ್ಪತ್ತು ಹೆಂಗಸರ ಕೈ ಹಿಡಿಯುವ ಕಸುಬು ಅವಳದು. ಅವರಲ್ಲಿ ಯಾರಿಗೆ ಗಂಟಿದೆಯೋ, ಯಾರು ಹೇಳಲು ನಾಚಿ ಕೂತಿದ್ದಾರೋ. ಒಂದು ಮಾತು ಆಡಿದ್ದರೆ ಎಷ್ಟು ಜನ ಬೇಗ ದವಾಖಾನೆಗೆ ಹೋಗುತ್ತಿದ್ದರೋ. ಗಾದಿ ಚೆನ್ನಾಗಿ ಕೂತಷ್ಟೂ ಆ ಮಾತು ಹೊರಬರುವ ಸಂದರ್ಭ ಕಡಿಮೆಯಾಗುತ್ತದೆ. ಗುರುತೇ ಸಿಗದಿದ್ದರೆ ಒಟ್ಟಾಗುವುದು ಹೇಗೆ ಎಂಬ ಲಾರ್ಡ್ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಅವರ ಸಿಟ್ಟು ಧರಿಸುವ ಹೆಂಗಸಿನ ಮೇಲಲ್ಲ, ಧರಿಸದಿದ್ದರೆ ಎದುರು ಬರಬೇಡ ಎನ್ನುವ ವ್ಯವಸ್ಥೆಯ ಮೇಲೆ ಎಂದು ಓದಿದರೆ ಪುಸ್ತಕ ಇಂದಿಗೂ ಉರಿಯುತ್ತದೆ. ಲಾರ್ಡ್ 1992ರಲ್ಲಿ ತೀರಿಕೊಂಡರು, ಕ್ಯಾನ್ಸರ್ ಯಕೃತ್ತಿಗೆ ಹರಡಿತ್ತು.

ಗುಲಾಬಿ ಗಂಟಿನ ಪ್ರಸಂಗವನ್ನು ಹೇಳಿದಾಗ ಖಾಲಾ ಬಹಳ ಹೊತ್ತು ನಕ್ಕಳು. “ಪಾಪ, ಬಣ್ಣ ಕೂಡಲಿಲ್ಲಂದ್ರ ಮ್ಯಾಲಿನ ಖೋಳ ಬದಲ್ ಮಾಡ್ಬೇಕಿತ್ತವಾ. ಅಕಿಗಿ ಹೊಲ್ಯಾಕ ಬರ್ತಿರಲಿಲ್ಲೇನು?” ಅಂದಳು. ನನಗೆ ತಿಳಿದಂತೆ ಲಾರ್ಡ್ ಬಗ್ಗೆ ಬಂದ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ಬಂದಿಲ್ಲ.

ಕಳೆದ ವರ್ಷ ನಮ್ಮ ಓಣಿಯ ಒಬ್ಬ ಹುಡುಗಿಗೆ, ಇನ್ನೂ ಮೂವತ್ತೈದು ದಾಟಿಲ್ಲ, ಬೆಳಗಾವಿಯಲ್ಲಿ ಇದೇ ಶಸ್ತ್ರಚಿಕಿತ್ಸೆಯಾಯಿತು. ಖಾಲಾ ಹೊಸ ಗಾದಿ ಹೊಲಿದು, ಹುಡುಗಿಯ ಮೈಬಣ್ಣಕ್ಕೆ ಹೊಂದುವ ಖೋಳ ಹಾಕಿ, ಬಳೆಯ ಡಬ್ಬಿಯಲ್ಲಿಟ್ಟು ಕಳಿಸಿದಳು. ಹದಿನೈದು ದಿನಕ್ಕೆ ಡಬ್ಬಿ ವಾಪಸ್ ಬಂತು. ಹುಡುಗಿ ತಾನೇ ತಂದಿದ್ದಳು, ಚಪ್ಪಟೆ ಎದೆಯ ಮೇಲೆ ದುಪಟ್ಟಾ ಹೊದ್ದು. “ನನಗ ಬ್ಯಾಡ ಖಾಲಾ, ಹಿಂಗ ಹಗುರಾಗಿ ಛಲೋ ಅನಸ್ತದ,” ಅಂದಳು. ಖಾಲಾ ಅವಳಿಗೆ ಚಹಾ ಮಾಡಿಕೊಟ್ಟಳು, ಎಡಗೈಗೆ ಬಾವು ಬಂದಿದೆಯೇನೋ ಎಂದು ಒತ್ತಿ ನೋಡಿದಳು. ಹುಡುಗಿ ಹೋದ ಮೇಲೆ ಗಾದಿಯ ಹೊಲಿಗೆ ಬಿಚ್ಚಿ, ಸಾಸಿವೆಯನ್ನು ಮೊರದಲ್ಲಿ ಹಾಕಿ ಬಿಸಿಲಿಗಿಟ್ಟಳು.